ಓವನ್ ಇಲ್ಲ, ಮೊಟ್ಟೆ ಬೇಡ: ಜಾಮ್ ತುಂಬಿದ ಹಳೆಯ ಬಗೆಯ ಡೋನಟ್ ಮಾಡುವುದು ಹೇಗೆ?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯ ನಿಟ್ಟುವಳ್ಳಿಯವರು. ನಾನು ಚಿಕ್ಕವಳಿದ್ದಾಗ ಬೇಕರಿಯಲ್ಲಿ ನಡುವೆ ತೂತಿಲ್ಲದ, ಒಳಗೆ ಕೆಂಪು ಜಾಮ್ ಇರುವ, ಮೇಲೆ ಸಕ್ಕರೆ ಮೆತ್ತಿದ ಡೋನಟ್ ಸಿಗುತ್ತಿತ್ತು. ಮಗನ ಹುಟ್ಟುಹಬ್ಬ ಏಪ್ರಿಲ್‌ನಲ್ಲಿದೆ, ಅದನ್ನೇ ಮಾಡಬೇಕೆಂಬ ಆಸೆ. ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿಗೆ ಉಪ್ಪು ಹಾಕಿ ಅದರಲ್ಲಿ ಬೇಯಿಸಿದೆ, ಬನ್ ಆಯಿತು. ಮೊಬೈಲ್‌ನಲ್ಲಿ 'ಓಲ್ಡ್ ಫ್ಯಾಷನ್ಡ್ ಡೋನಟ್' ನೋಡಿ ಸೋಡಾ ಹಾಕಿ ಕರಿದೆ, ಬಾದುಷಾ ಆಯಿತು. ಕೊನೆಗೆ ಯೀಸ್ಟ್ ಹಾಕಿದೆ. ಹಿಟ್ಟು ಹುಳಿ ವಾಸನೆ ಹೊಡೆಯಿತು, ಕರಿದರೆ ಹೊರಗೆ ಕಪ್ಪು, ಒಳಗೆ ಹಸಿ. ಒಳಗಿಟ್ಟ ಜಾಮ್ ಹೊರಗೆ ಸುರಿದು ಬಾಣಲೆಯ ಎಣ್ಣೆಯೆಲ್ಲ ಹಾಳಾಯಿತು. ನಮ್ಮ ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ, ಎಣ್ಣೆ ಜಾಸ್ತಿ ಎಂದು ಬೇರೆ ಗೊಣಗುತ್ತಾರೆ. ದಾರಿ ಇದೆಯೇ?

ಉತ್ತರ: ಇದೆ. ಓವನ್ ಇಲ್ಲವೆಂಬ ಚಿಂತೆಯನ್ನು ಮೊದಲು ಬಿಡಿ. ನೀವು ಕೇಳುತ್ತಿರುವ ತಿಂಡಿ ಹುಟ್ಟಿದ್ದೇ ಬಾಣಲೆಯಲ್ಲಿ. ಜರ್ಮನಿಯ ಬರ್ಲಿನರ್, ಆಸ್ಟ್ರಿಯಾದ ಕ್ರಾಪ್‌ಫೆನ್, ಪೋಲೆಂಡಿನ ಪೊಂಚ್ಕಿ, ಯಹೂದಿಗಳು ಹನುಕ್ಕಾ ಹಬ್ಬಕ್ಕೆ ಮಾಡುವ ಸುಫ್ಗನಿಯಾ, ಎಲ್ಲವೂ ಒಂದೇ ಮನೆತನದವು: ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಉಂಡೆಯನ್ನು ಕರಿದು ಒಳಗೆ ಸಿಹಿ ತುಂಬಿದವು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲು ಮನೆಯಲ್ಲಿರುವ ಕೊಬ್ಬು, ಮೊಟ್ಟೆ, ಸಕ್ಕರೆಯನ್ನೆಲ್ಲ ಖರ್ಚು ಮಾಡಿಬಿಡಲು ಯುರೋಪಿನ ಹೆಂಗಸರು ಕರಿಯುತ್ತಿದ್ದ ಹಬ್ಬದ ತಿಂಡಿಯಿದು. ಪೋಲೆಂಡಿನಲ್ಲಿ ಆ ಉಪವಾಸಕ್ಕೆ ಮುಂಚಿನ ಗುರುವಾರ ಇವತ್ತಿಗೂ ಬೇಕರಿಗಳ ಮುಂದೆ ಜನ ಸಾಲು ನಿಲ್ಲುತ್ತಾರೆ. ಒಣ ಶಾಖಕ್ಕೆ ಸಿಕ್ಕಿದ ಯೀಸ್ಟ್ ಹಿಟ್ಟು ಬನ್ನೇ ಆಗಬೇಕು, ಹಾಗಾಗಿ ನಿಮ್ಮ ಕುಕ್ಕರಿನದು ತಪ್ಪಿಲ್ಲ.

ಸೋಡಾದ ವಿಷಯವೂ ಅಷ್ಟೇ. ಅಮೆರಿಕದಲ್ಲಿ 'ಓಲ್ಡ್ ಫ್ಯಾಷನ್ಡ್' ಎಂಬ ಹೆಸರಿನಿಂದ ಮಾರುವುದು ಬೇಕಿಂಗ್ ಪೌಡರ್ ಹಾಕಿದ, ಮಜ್ಜಿಗೆ ಅಥವಾ ಹುಳಿ ಕೆನೆ ಬೆರೆಸಿದ, ಅಂಚು ಒಡೆದು ಗರಿಗರಿಯಾಗುವ ಬಳೆಯಾಕಾರದ ಡೋನಟ್. ರುಚಿಯಲ್ಲಿ ಒಳ್ಳೆಯದೇ, ಆದರೆ ಅದರ ಒಡಲು ಕೇಕಿನದು. ಜಾಮ್ ಕೂರಲು ಅದರೊಳಗೆ ಜಾಗವಿಲ್ಲ. ನಿಮಗೆ ಬೇಕಾದದ್ದು ಬೇರೆ, ಹುಡುಕಿ ಸಿಕ್ಕಿದ್ದು ಬೇರೆ.

ನಿಜ ಹೇಳಬೇಕೆಂದರೆ ಇದಕ್ಕೆ ಬೇಕಾದದ್ದರಲ್ಲಿ ಮುಕ್ಕಾಲು ಪಾಲು ದಾವಣಗೆರೆಯ ಅಡುಗೆಮನೆಯಲ್ಲಿ ಈಗಾಗಲೇ ಇದೆ. ದೋಸೆಗೆ ಹಾಕುವ ಬೆಣ್ಣೆ ಇದೆ, ಹೋಳಿಗೆ ತುಂಬುವ ಕೈ ಇದೆ, ಪಡ್ಡಿನ ಹಂಚು ಇದೆ. ಕೆಲಸ ಕೆಡಿಸುವುದು ಒಂದೇ ಒಂದು ಅಭ್ಯಾಸ: ಮೆಣಸಿನಕಾಯಿ ಬಜ್ಜಿ ಬಿಡುವ ಉರಿಯಲ್ಲಿ ಡೋನಟ್ ಬಿಡುವುದು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಹಿಟ್ಟು.

ಮೈದಾ 300 ಗ್ರಾಂ, ಸಕ್ಕರೆ 35 ಗ್ರಾಂ, ಉಪ್ಪು 5 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಹಾಲು 160 ಮಿಲಿ, ಗಟ್ಟಿ ಮೊಸರು 2 ಚಮಚ, ಬೆಣ್ಣೆ 40 ಗ್ರಾಂ. ದಯವಿಟ್ಟು ತೂಗಿ ಹಾಕಿ. ನಿಮ್ಮ ಮನೆಯ ಲೋಟ ಎಷ್ಟು ದೊಡ್ಡದೆಂದು ನನಗೆ ಗೊತ್ತಿಲ್ಲ, ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಯುರೋಪಿನವರು ಇದಕ್ಕೆ ಮೊಟ್ಟೆಯ ಹಳದಿ ಹಾಕುತ್ತಾರೆ, ಒಳಭಾಗಕ್ಕೆ ಬಣ್ಣವೂ ಮೃದುತ್ವವೂ ಅದರಿಂದ ಬರುತ್ತದೆ. ನಿಮ್ಮ ಮನೆಗೆ ಬೇಡವಾದ್ದರಿಂದ ಮೊಸರು ಹೇಳಿದ್ದೇನೆ. ಒಂದು ಚಮಚ ಹಾಲಿನ ಪುಡಿ ಸೇರಿಸಿದರೆ ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಸಕ್ಕರೆ ಹೆಚ್ಚಿಸಬೇಡಿ. ಸಕ್ಕರೆ ಜಾಸ್ತಿಯಾದರೆ ಯೀಸ್ಟ್ ಮಂದವಾಗುತ್ತದೆ, ಎಣ್ಣೆಗೆ ಬಿದ್ದ ಕೂಡಲೇ ಮೈ ಕಪ್ಪಾಗುತ್ತದೆ. ಸಿಹಿ ಹೇಗೂ ಒಳಗಿನಿಂದ ಮತ್ತು ಮೇಲಿನಿಂದ ಬರುತ್ತದಲ್ಲ.

ಬೆಣ್ಣೆಯ ಬಗ್ಗೆ ಒಂದು ಮಾತು. ದೋಸೆಯ ಬಿಳಿ ಬೆಣ್ಣೆಯನ್ನೇ ಬಳಸಿ, ಪ್ಯಾಕೆಟ್ಟಿನ ಹಳದಿ ಬೆಣ್ಣೆ ಹುಡುಕಿಕೊಂಡು ಹೋಗಬೇಕಿಲ್ಲ. ಬಿಳಿ ಬೆಣ್ಣೆಯಲ್ಲಿ ನೀರಿನ ಅಂಶವೂ ಅಳಿದುಳಿದ ಮಜ್ಜಿಗೆಯೂ ಇರುತ್ತವೆ. ತಣ್ಣೀರಿನಲ್ಲಿ ಒಮ್ಮೆ ತೊಳೆದು, ಅಂಗೈಯಲ್ಲಿ ಹಿಂಡಿ ನೀರು ಬಸಿದು ಹಾಕಿ. ಅದರಲ್ಲಿ ಉಪ್ಪಿರುವುದಿಲ್ಲ, ಆದ್ದರಿಂದ ಮೇಲೆ ಹೇಳಿದ ಉಪ್ಪನ್ನು ಬಿಡಬೇಡಿ. ತುಪ್ಪವೇ ಇದ್ದರೆ 30 ಗ್ರಾಂ ಸಾಕು. ಡಾಲ್ಡಾ ಬೇಡ, ತಿಂದ ಮೇಲೆ ಅಂಗುಳಿಗೆ ಅಂಟಿಕೊಳ್ಳುತ್ತದೆ.

ಬೆಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಕಲಸಿ. ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೆ ಬೆರೆಸಬಹುದು. ಅಂಗಡಿಯಲ್ಲಿ ಸಿಕ್ಕಿದ್ದು ಸಾಸಿವೆಗಿಂತ ಸಣ್ಣ ಗುಂಡುಗುಂಡಿನ ಆಕ್ಟಿವ್ ಡ್ರೈ ಯೀಸ್ಟ್ ಆಗಿದ್ದರೆ ಉಗುರುಬೆಚ್ಚಗಿನ ಹಾಲಿಗೆ ಚಿಟಿಕೆ ಸಕ್ಕರೆಯೊಂದಿಗೆ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಏಳದಿದ್ದರೆ ಆ ಯೀಸ್ಟ್ ಸತ್ತಿದೆ, ಎಸೆಯಿರಿ. ಹಾಲು ಬೆರಳಿಗೆ ಸುಡುವಷ್ಟಿದ್ದರೆ ಬದುಕಿರುವ ಯೀಸ್ಟನ್ನೂ ನೀವೇ ಕೊಂದಂತೆ.

ಹಿಟ್ಟು ಒಂದು ಹದಕ್ಕೆ ಬಂದ ಮೇಲೆ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ನಾದಿ. ಮೊದಲೇ ಬೆಣ್ಣೆ ಹಾಕಿದರೆ ಮೈದಾದ ಜಿಗುಟು ಕಟ್ಟಿಕೊಳ್ಳುವುದಿಲ್ಲ. ಆ ಜಿಗುಟೇ ಗಾಳಿಯನ್ನು ಹಿಡಿದಿಡುವುದು. ಬೆಣ್ಣೆ ಸೇರಿಸುವಾಗ ಹಿಟ್ಟು ಹರಿದು, ಜಾರಿ, ಕೈಗೆಲ್ಲ ಮೆತ್ತಿಕೊಂಡು 'ಇದು ಕೆಟ್ಟಿತು' ಎನಿಸುವ ಒಂದು ಘಳಿಗೆ ಬರುತ್ತದೆ. ಹೆಚ್ಚಿನವರು ಇಲ್ಲಿಯೇ ಒಂದು ಹಿಡಿ ಒಣ ಮೈದಾ ಸುರಿಯುತ್ತಾರೆ, ಡೋನಟ್ ಗಟ್ಟಿಯಾಗುವುದು ಇಲ್ಲಿಯೇ. ಸುರಿಯಬೇಡಿ. ಚಪಾತಿ ಹಿಟ್ಟಿನಂತೆ ಒತ್ತುವುದನ್ನು ಬಿಟ್ಟು, ಎತ್ತಿ ಕಲ್ಲಿನ ಮೇಲೆ ಬಡಿದು, ಎಳೆದು, ಮಡಚಿ. ಹತ್ತು ಹನ್ನೆರಡು ನಿಮಿಷಕ್ಕೆ ಹಿಟ್ಟು ತಾನಾಗಿ ಒಂದುಗೂಡಿ ಕಲ್ಲನ್ನು ಬಿಡುತ್ತದೆ. ಒಂದು ಚೂರನ್ನು ಎರಡೂ ಕೈಯಿಂದ ನಿಧಾನವಾಗಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ: ಹರಿಯದೆ ತೆಳ್ಳಗಾಗಿ, ಆಚೆಗಿನ ಬೆರಳಿನ ನೆರಳು ಕಾಣುವಂತಿದ್ದರೆ ನಾದಿದ್ದು ಸಾಕು. ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು.

ಈಗ ಹುಳಿ ವಾಸನೆ. ಕಾರಣ ನಮ್ಮೂರಿನ ಬಿಸಿಲು. ಈ ಬಗೆಯ ಹಿಟ್ಟಿಗೆ 26ರಿಂದ 28 ಡಿಗ್ರಿ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆ ಚಿತ್ರದುರ್ಗದ ಕಡೆ ಮಧ್ಯಾಹ್ನದ ಕಾವು 38 ಡಿಗ್ರಿ ದಾಟುವುದು ಮಾಮೂಲು. ಯುರೋಪಿನ ಚಳಿಯಲ್ಲಿ ಕೂತವರು ಬರೆದ 'ಬೆಚ್ಚಗಿನ ಹಾಲು, ಬೆಚ್ಚಗಿನ ಜಾಗ, ಒಂದೂವರೆ ಗಂಟೆ' ಎಂಬ ಸೂಚನೆಯನ್ನು ಇಲ್ಲಿ ಪಾಲಿಸಿದರೆ ಹಿಟ್ಟು ಉಕ್ಕಿ, ಇಳಿದು, ಹುಳಿಯಾಗಿ ಕೂರುತ್ತದೆ. ಹಾಗೆ ಅತಿಯಾಗಿ ಹುದುಗಿದ ಹಿಟ್ಟು ಎಣ್ಣೆಯನ್ನೂ ಹೆಚ್ಚು ಕುಡಿಯುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನ ತಣ್ಣನೆಯ ಹಾಲಿನಲ್ಲಿಯೇ ಕಲಸಿ, ಯೀಸ್ಟನ್ನು 3 ಗ್ರಾಂಗೆ ಇಳಿಸಿ. ಮುಕ್ಕಾಲು ಗಂಟೆಗೆಲ್ಲ ಎರಡರಷ್ಟಾಗಿರುತ್ತದೆ. ಡಿಸೆಂಬರಿನಲ್ಲಾದರೆ ಇದೇ ಹಿಟ್ಟಿಗೆ 5 ಗ್ರಾಂ ಯೀಸ್ಟ್ ಹಾಕಿ, ಪಾತ್ರೆಯನ್ನು ಬಿಸಿನೀರಿನ ತಟ್ಟೆಯ ಮೇಲಿಟ್ಟರೂ ಒಂದೂವರೆ ಗಂಟೆ ಕಾಯಬೇಕಾದೀತು.

ನನ್ನನ್ನು ಕೇಳಿದರೆ ಏಪ್ರಿಲ್‌ನ ಹುಟ್ಟುಹಬ್ಬಕ್ಕೆ ಹಿಂದಿನ ರಾತ್ರಿಯೇ ಹಿಟ್ಟು ನಾದಿ, ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸುವುದೇ ಜಾಣತನ. ಎಂಟರಿಂದ ಹನ್ನೆರಡು ಗಂಟೆಯಲ್ಲಿ ನಿಧಾನವಾಗಿ ಉಬ್ಬುತ್ತದೆ, ರುಚಿ ಕೂಡುತ್ತದೆ, ತಣ್ಣಗಿನ ಹಿಟ್ಟು ಉಂಡೆ ಕಟ್ಟಲೂ ಸುಲಭ. ಡಬ್ಬಿ ಮಾತ್ರ ದೊಡ್ಡದಿರಲಿ.

ಉಬ್ಬಿದ ಹಿಟ್ಟಿನ ಗಾಳಿಯನ್ನು ಮೆಲ್ಲಗೆ ಅದುಮಿ ತೆಗೆದು 50 ಗ್ರಾಂ ತೂಕದ ಉಂಡೆಗಳನ್ನು ಮಾಡಿ. ಈ ಅಳತೆಗೆ ಹನ್ನೊಂದು ಆಗುತ್ತವೆ. ಇದಕ್ಕಿಂತ ದೊಡ್ಡದು ಮಾಡಿದರೆ ನಡುಭಾಗ ಬೇಯುವ ಹೊತ್ತಿಗೆ ಹೊರಮೈ ಸೀಯುತ್ತದೆ. ಬಿರುಕಿಲ್ಲದಂತೆ ಉರುಟಾಗಿ ಸುತ್ತಿ, ಅಂಗೈಯಿಂದ ಸ್ವಲ್ಪವೇ ತಟ್ಟಿ. ಒಂದೊಂದನ್ನೂ ಎಣ್ಣೆ ಸವರಿದ ಬಾಳೆಲೆಯ ತುಂಡಿನ ಮೇಲಿಡಿ. ಹೋಳಿಗೆ ತಟ್ಟಲು ಇಟ್ಟುಕೊಳ್ಳುತ್ತೀರಲ್ಲ, ಅಂಥದೇ, ಅಂಗೈಯಗಲದ್ದು. ಮೇಲೆ ಒದ್ದೆ ಹಿಂಡಿದ ಬಟ್ಟೆ ಮುಚ್ಚಿ.

ಇನ್ನು ಎರಡನೆಯ ಉಬ್ಬು. ಇಲ್ಲಿ ಅವಸರಪಟ್ಟವರಿಗೇ ಒಳಗೆ ಹಸಿ ಉಳಿಯುವುದು. ಚೆನ್ನಾಗಿ ಉಬ್ಬದ ಉಂಡೆ ಭಾರವಾಗಿ ಎಣ್ಣೆಯಲ್ಲಿ ಮುಳುಗುತ್ತದೆ, ಅದರೊಳಗೆ ಶಾಖ ಇಳಿಯುವುದಿಲ್ಲ. ಬೆರಳಿಗೆ ಹಿಟ್ಟು ಮುಟ್ಟಿಸಿಕೊಂಡು ಉಂಡೆಯ ಪಕ್ಕದಲ್ಲಿ ಮೆಲ್ಲಗೆ ಒತ್ತಿ ನೋಡಿ. ಗುಳಿ ಪಟ್ಟೆಂದು ಮೇಲೆ ಬಂದರೆ ಇನ್ನೂ ಹೊತ್ತಿದೆ. ನಿಧಾನವಾಗಿ ಮೇಲೆದ್ದು, ಸಣ್ಣ ಗುರುತು ಉಳಿದರೆ ಎಣ್ಣೆ ಕಾಯಿಸಿ. ಗುಳಿ ಹಾಗೆಯೇ ಉಳಿದು ಉಂಡೆ ಸುಕ್ಕಾದರೆ ಹೊತ್ತು ಮೀರಿದೆ. ಬೇಸಿಗೆಯಲ್ಲಿ ಇದಕ್ಕೆ ಅರ್ಧ ಗಂಟೆ ಸಾಕಾಗಬಹುದು, ಫ್ರಿಜ್ಜಿನಿಂದ ತೆಗೆದ ಹಿಟ್ಟಾದರೆ ಗಂಟೆ ಮೇಲಾದೀತು.

ಈಗ ಆ ಉರಿಯ ವಿಷಯ. ಮೆಣಸಿನಕಾಯಿ ಬಜ್ಜಿಯ ಹಿಟ್ಟು ತೆಳ್ಳಗಿನ ಹೊದಿಕೆ, ಜೋರಾಗಿ ಕಾದ ಎಣ್ಣೆಯಲ್ಲಿ ಕ್ಷಣದಲ್ಲಿ ಗರಿಯಾಗುತ್ತದೆ. ಮಂಡಕ್ಕಿಯ ಜೊತೆ ತಿನ್ನಲು ಅದು ಹಾಗೆಯೇ ಇರಬೇಕು. ಡೋನಟ್ ಎರಡು ಅಂಗುಲ ದಪ್ಪದ ಹಿಟ್ಟು. ಅದಕ್ಕೆ 170 ಡಿಗ್ರಿ ಆಸುಪಾಸಿನ ಎಣ್ಣೆ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟು ಬಿಟ್ಟು ನೋಡಿ: ಸಣ್ಣ ಗುಳ್ಳೆಗಳೊಂದಿಗೆ ಕೂಡಲೇ ತೇಲಿ, ಹೊಂಬಣ್ಣಕ್ಕೆ ಬರಲು ಸುಮಾರು ಒಂದು ನಿಮಿಷ ತೆಗೆದುಕೊಳ್ಳಬೇಕು. ಇಪ್ಪತ್ತು ಎಣಿಸುವುದರೊಳಗೆ ಕೆಂಪಾದರೆ ಉರಿ ತಗ್ಗಿಸಿ, ಎಣ್ಣೆ ಆರುವವರೆಗೆ ಏನನ್ನೂ ಬಿಡಬೇಡಿ. ತಳದಲ್ಲೇ ಕೂತರೆ ಇನ್ನೂ ಕಾದಿಲ್ಲ. ಆ ತಣ್ಣಗಿನ ಎಣ್ಣೆಯನ್ನೇ ಡೋನಟ್ ಕುಡಿಯುವುದು. ನಾಲ್ಕನೆಯ ಉಂಡೆಯನ್ನೂ ತುರುಕಿದರೆ ಎಣ್ಣೆಯ ಕಾವು ದಿಢೀರನೆ ಇಳಿಯುತ್ತದೆ, ಒಂದು ಸಲಕ್ಕೆ ಮೂರೇ ಸಾಕು.

ದುಂಡು ತಳದ ಬಾಣಲೆಗಿಂತ ಅಗಲ ತಳದ ದಪ್ಪ ಪಾತ್ರೆ ಒಳ್ಳೆಯದು. ಎಣ್ಣೆ ಮೂರು ಬೆರಳು ಆಳವಿರಲಿ. ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಶೇಂಗಾ ಎಣ್ಣೆ ಬಿಟ್ಟು ಬೇರೆ ಯಾಕೆ ಎಂದು ಕೇಳುವಿರಿ. ಬಳಸಿ, ಆದರೆ ರಿಫೈನ್ಡ್ ಇರಲಿ. ಗಾಣದ ಎಣ್ಣೆ ಒಗ್ಗರಣೆಗೆ, ಶೇಂಗಾ ಚಟ್ನಿಗೆ ಚಂದ. ಇಲ್ಲಿ ಅದು ಬೇಗ ಹೊಗೆಯಾಡುತ್ತದೆ, ಜಾಮಿನ ರುಚಿಯ ಮೇಲೆ ತನ್ನ ವಾಸನೆ ಹೇರುತ್ತದೆ.

ಉಂಡೆಯನ್ನು ಕೈಯಿಂದ ಎತ್ತಿದರೆ ಗಾಳಿ ಹೋಗಿ ಚಪ್ಪಟೆಯಾಗುತ್ತದೆ. ಬಾಳೆಲೆಯ ಸಮೇತ ಎಣ್ಣೆಯ ಹತ್ತಿರ ತಂದು ತಲೆಕೆಳಗಾಗಿ ಜಾರಿಸಿ. ಎಲೆ ಎಣ್ಣೆಗೆ ಬೀಳಬಾರದು, ತೇವವಿದ್ದರೆ ಸಿಡಿಯುತ್ತದೆ. ಆಸ್ಟ್ರಿಯಾದವರು ಮೊದಲ ಮಗ್ಗುಲು ಬೇಯುವಾಗ ಪಾತ್ರೆ ಮುಚ್ಚುತ್ತಾರೆ. ಒಳಗೆ ನಿಂತ ಹಬೆಯಲ್ಲಿ ಮೇಲ್ಭಾಗ ಇನ್ನಷ್ಟು ಹಿಗ್ಗುತ್ತದೆ. ನೀವೂ ಮಾಡಬಹುದು, ಆದರೆ ಮುಚ್ಚಳ ತೆಗೆಯುವಾಗ ಅದರ ನೀರು ಎಣ್ಣೆಗೆ ತೊಟ್ಟಿಕ್ಕದಂತೆ ಒಮ್ಮೆಗೇ ಪಕ್ಕಕ್ಕೆ ಎಳೆಯಿರಿ. ಮಕ್ಕಳು ಓಡಾಡುವ ಅಡುಗೆಮನೆಯಾದರೆ ಈ ಸಾಹಸ ಬಿಡಿ. ಎರಡೂವರೆ ನಿಮಿಷದ ಹೊತ್ತಿಗೆ ತಿರುವಿ, ಇನ್ನೊಂದು ಮಗ್ಗುಲನ್ನು ಮುಚ್ಚದೆ ಅಷ್ಟೇ ಹೊತ್ತು ಬೇಯಿಸಿ. ಹಗುರಾಗಿ ಉಬ್ಬಿದ ಉಂಡೆ ಅರ್ಧವಷ್ಟೇ ಮುಳುಗಿ ತೇಲುವುದರಿಂದ ಸೊಂಟದ ಸುತ್ತ ಎಣ್ಣೆ ತಾಗುವುದಿಲ್ಲ, ಅಲ್ಲಿ ಒಂದು ಬಿಳಿ ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಕಂಡರೆ ನಿಮ್ಮ ಹಿಟ್ಟಿನ ಹದ ಸರಿಯಾಗಿತ್ತೆಂದು ತಿಳಿಯಿರಿ. ಪೋಲೆಂಡಿನ ಅಜ್ಜಿಯರು ಡೋನಟ್ ಕೊಳ್ಳುವಾಗ ಮೊದಲು ನೋಡುವುದು ಅದನ್ನೇ.

ಅತ್ತೆಯವರ ಗೊಣಗಾಟಕ್ಕೆ ಇಲ್ಲೇ ಒಂದು ಸಮಾಧಾನ. ಬೇಯುತ್ತಿರುವಾಗ ಒಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತಿರುತ್ತದೆ, ಆಗ ಎಣ್ಣೆಗೆ ಒಳಗೆ ಹೋಗಲು ಹೆಚ್ಚು ಅವಕಾಶವಿಲ್ಲ. ಹೊರತೆಗೆದ ಮೇಲೆ ಒಳಗಿನ ಹಬೆ ತಣಿದು ಕುಗ್ಗುವಾಗ ಮೈಮೇಲೆ ಅಂಟಿದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಜಾಲರಿ ಸೌಟಿನಲ್ಲಿ ತೆಗೆದ ಮೊದಲ ಅರ್ಧ ನಿಮಿಷ ಮುಖ್ಯ. ಎಣ್ಣೆಯ ಮೇಲೆಯೇ ಒಮ್ಮೆ ಕೊಡವಿ, ಕೂಡಲೇ ಟಿಶ್ಯೂ ಕಾಗದದ ಮೇಲೆ ಎರಡೂ ಕಡೆ ಒತ್ತಿ, ತಂತಿಯ ಜಾಲರಿಯ ಮೇಲೆ ಅಂಚಿನಲ್ಲಿ ನಿಲ್ಲಿಸಿ. ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಬಸಿದ ಎಣ್ಣೆಯನ್ನೇ ಮತ್ತೆ ಕುಡಿಯುತ್ತವೆ. ಹಳೆಯ ಪತ್ರಿಕೆ ಬೇಡ, ಶಾಯಿ ತಿಂಡಿಗೆ ಇಳಿಯುತ್ತದೆ. ಪೋಲೆಂಡಿನವರು ಎಣ್ಣೆ ಹೀರದಿರಲೆಂದು ಹಿಟ್ಟಿಗೆ ಒಂದು ಚಮಚ ಮದ್ಯಸಾರ ಬೆರೆಸುವುದುಂಟು. ಅದನ್ನು ಅತ್ತೆಯವರ ಮುಂದೆ ಹೇಳಬೇಡಿ.

ಇನ್ನು ಜಾಮ್ ಸುರಿದ ಕಥೆ. ಬಾಟಲಿಯ ಮಿಶ್ರಹಣ್ಣಿನ ಜಾಮ್ ಬಿಸಿಗೆ ನೀರಾಗುತ್ತದೆ, ಕುದಿಯುತ್ತದೆ, ಆ ಹಬೆ ಬೆಸುಗೆಯನ್ನು ಒಡೆದುಕೊಂಡು ಬರುತ್ತದೆ. ಕರಿದ ಮೇಲೆ ತುಂಬಿದರೆ ಈ ತಾಪತ್ರಯವೇ ಇಲ್ಲ, ಇವತ್ತು ಬೇಕರಿಗಳು ಮಾಡುವುದೂ ಹೀಗೆಯೇ. ಡೋನಟ್ ಉಗುರುಬೆಚ್ಚಗಾದ ಮೇಲೆ ಬಿಳಿ ಪಟ್ಟಿಯ ಬಳಿ ಸ್ವಚ್ಛವಾದ ಕಡ್ಡಿಯನ್ನು ನಡುವಿನವರೆಗೆ ಚುಚ್ಚಿ, ಅತ್ತಿತ್ತ ಆಡಿಸಿ ಒಳಗೆ ಜಾಗ ಮಾಡಿ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಮೂಲೆ ಕತ್ತರಿಸಿದರೆ ಸಾಕು. ಮೆಹಂದಿ ಕೋನ್ ಸುತ್ತಲು ಬಂದರೆ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಗೆಯೇ ಸುತ್ತಿಕೊಳ್ಳಿ. ಅದರಿಂದ ಜಾಮನ್ನು ಒತ್ತಿ ತುಂಬಿ. ತುಂಬುವಾಗ ಡೋನಟ್ಟನ್ನು ತಕ್ಕಡಿಯ ಮೇಲಿಡಿ, 20 ಗ್ರಾಂ ಏರಿದಾಗ ನಿಲ್ಲಿಸಿ. ಇಲ್ಲದಿದ್ದರೆ ಒಂದರಲ್ಲಿ ಚೂರು, ಇನ್ನೊಂದರಲ್ಲಿ ಪ್ರವಾಹ.

ಕರಿಯುವ ಮೊದಲೇ ತುಂಬುವುದು ಹಳೆಯ ಪದ್ಧತಿ. ಅದೇ ಬೇಕೆಂಬ ಹಟವಿದ್ದರೆ ನಿಮ್ಮ ಹೋಳಿಗೆಯ ಕೈ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉಂಡೆಯನ್ನು ತಟ್ಟಿ, ಅಂಚು ತೆಳ್ಳಗೆ, ನಡು ದಪ್ಪಗೆ ಇರಿಸಿ, ಒಂದು ಚಮಚ ಹೂರಣ ಇಟ್ಟು, ಅಂಚನ್ನೆಲ್ಲ ಮೇಲಕ್ಕೆ ತಂದು ಬಿಗಿಯಾಗಿ ಹಿಸುಕಿ, ಬಾಯಿ ಕೆಳಗಾಗುವಂತೆ ಉಬ್ಬಲು ಬಿಡಿ. ಹೂರಣವೆಂದರೆ ನಿಜವಾಗಿಯೂ ಕಡಲೆಬೇಳೆ ಹೂರಣವೇ. ಜಾಮಿನಂತೆ ಅದು ಕುದಿದು ಹರಿಯುವುದಿಲ್ಲ, ಏಲಕ್ಕಿ ಬೆಲ್ಲದ ಪರಿಮಳವೂ ಈ ಬೆಣ್ಣೆಯ ಹಿಟ್ಟಿಗೆ ಒಪ್ಪುತ್ತದೆ. ಅಂಚಿಗೆ ಮಾತ್ರ ಒಂದು ಚೂರೂ ಬೆಲ್ಲ ತಾಗಬಾರದು, ತಾಗಿದ ಕಡೆ ಹಿಟ್ಟು ಅಂಟುವುದಿಲ್ಲ.

ಜಾಮನ್ನು ಮನೆಯಲ್ಲೇ ಮಾಡುವುದಾದರೆ ಸೀಬೆಹಣ್ಣು ಒಳ್ಳೆಯದು, ತಾನಾಗಿಯೇ ಗಟ್ಟಿಯಾಗುವ ಗುಣ ಅದರಲ್ಲಿದೆ. ಬೀಜ ಸೋಸಿದ ತಿರುಳು ಅರ್ಧ ಕಿಲೋಗೆ 350 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ತಣ್ಣನೆಯ ತಟ್ಟೆಯ ಮೇಲೆ ಬಿಟ್ಟ ತೊಟ್ಟನ್ನು ಬೆರಳಿನಿಂದ ತಳ್ಳಿದಾಗ ಸುಕ್ಕುಗಟ್ಟಿದರೆ ಇಳಿಸಿ. ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ, ಅದನ್ನು ಯಾರೂ ಯೋಚಿಸುವುದಿಲ್ಲ. ಪೋಲೆಂಡಿನಲ್ಲಿ ಪೊಂಚ್ಕಿಗೆ ಬಲು ಮೆಚ್ಚಿನ ಹೂರಣವೆಂದರೆ ಗುಲಾಬಿ ಎಸಳನ್ನು ಸಕ್ಕರೆಯೊಂದಿಗೆ ಅರೆದದ್ದು. ನಮ್ಮ ಬೀಡಾ ಅಂಗಡಿಯ ಗುಲ್ಕನ್ ಅದರ ಹತ್ತಿರದ ನೆಂಟ. ಗುಲ್ಕನ್ನನ್ನು ಸಣ್ಣಗೆ ಕೊಚ್ಚಿ, ಇಲ್ಲವಾದರೆ ಎಸಳು ಪ್ಯಾಕೆಟ್ಟಿನ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ ಪ್ರಮಾಣದ ಸೀಬೆ ಜಾಮಿನೊಂದಿಗೆ ಬೆರೆಸಿ ತುಂಬಿ. ನಿಂಬೆಯ ಹುಳಿ ಇದ್ದರೆ ಬೀಡಾ ತಿಂದಂತೆ ಅನಿಸುವುದಿಲ್ಲ. ಕಸ್ಟರ್ಡ್ ಮಕ್ಕಳಿಗೆ ಇಷ್ಟ, ನಿಜ. ಆದರೆ ಏಪ್ರಿಲ್ ಸೆಕೆಯಲ್ಲಿ ಹಾಲಿನ ಹೂರಣ ಫ್ರಿಜ್ಜಿನ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇರಬಾರದು. ಹುಟ್ಟುಹಬ್ಬದ ಮನೆಯಲ್ಲಿ ಹೊತ್ತಿನ ಲೆಕ್ಕ ಇಡುವವರು ಯಾರು? ಜಾಮೇ ಇರಲಿ.

ಇಷ್ಟು ಎಣ್ಣೆಯೇ ಬೇಡವೆಂದು ಅತ್ತೆಯವರು ಪಟ್ಟು ಹಿಡಿದರೆ ಪಡ್ಡಿನ ಹಂಚು ತೆಗೆಯಿರಿ. ಡೆನ್ಮಾರ್ಕಿನವರು ಕ್ರಿಸ್‌ಮಸ್ ಸಮಯದಲ್ಲಿ ಇಂಥದೇ ಗುಳಿಗಳಿರುವ ಕಬ್ಬಿಣದ ಹಂಚಿನಲ್ಲಿ ಎಬ್ಲೆಸ್ಕಿವರ್ ಎಂಬ ಉಂಡೆಗಳನ್ನು ಮಾಡಿ ಜಾಮ್ ಜೊತೆ ತಿನ್ನುತ್ತಾರೆ. ಮೇಲಿನ ಅಳತೆಗೇ ಇನ್ನೂ 150 ಮಿಲಿಯಷ್ಟು ಹಾಲು ಕೂಡಿಸಿ ಪಡ್ಡಿನ ಹಿಟ್ಟಿನ ಹದಕ್ಕೆ ತಂದು ಉಬ್ಬಿಸಿ. ಬೆಣ್ಣೆ ಸವರಿದ ಗುಳಿಗೆ ಅರ್ಧ ತುಂಬಿ, ಕಾಲು ಚಮಚ ಗಟ್ಟಿ ಜಾಮ್ ಇಟ್ಟು, ಮೇಲೆ ಮತ್ತಷ್ಟು ಹಿಟ್ಟು ಬಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಕಡ್ಡಿಯಿಂದ ತಿರುವಿ. ನೀವು ಚಿಕ್ಕಂದಿನಲ್ಲಿ ತಿಂದ ಡೋನಟ್ ಇದಲ್ಲ, ಒಪ್ಪುತ್ತೇನೆ. ಆದರೆ ಬಿಸಿಯಿರುವಾಗ ಹರಳು ಸಕ್ಕರೆ ಉದುರಿಸಿ ಕೊಟ್ಟರೆ ತಟ್ಟೆಯಲ್ಲಿ ಉಳಿಯುವುದಿಲ್ಲ.

ಮೇಲಿನ ಸಕ್ಕರೆಗೆ ಒಂದು ಸಣ್ಣ ನಿಯಮ: ಡೋನಟ್ ಬೆಚ್ಚಗಿರುವಾಗ ಹರಳು ಸಕ್ಕರೆಯಲ್ಲಿ ಹೊರಳಿಸಿ, ತಣ್ಣಗಾದ ಮೇಲೆ ಮಾತ್ರ ಪುಡಿ ಸಕ್ಕರೆ. ಬಿಸಿಯ ಮೇಲೆ ಪುಡಿ ಹಾಕಿದರೆ ಕರಗಿ ಅಂಟಂಟಾಗುತ್ತದೆ.

ಸಂಜೆ ಐದಕ್ಕೆ ಮಕ್ಕಳು ಬರುವುದಾದರೆ ಫ್ರಿಜ್ಜಿನ ಹಿಟ್ಟನ್ನು ಒಂದೂವರೆಗೆ ಹೊರತೆಗೆದು ಉಂಡೆ ಕಟ್ಟಿ, ಮೂರು ಗಂಟೆಯ ಹೊತ್ತಿಗೆ ಕರಿಯಲು ನಿಲ್ಲಿ, ನಾಲ್ಕೂವರೆಗೆ ಜಾಮ್ ತುಂಬಿ. ಬೆಳಿಗ್ಗೆಯೇ ಕರಿದಿಟ್ಟರೆ ಸಂಜೆಗೆ ಒಣಗುತ್ತವೆ. ಕರಿದ ಎಣ್ಣೆಯನ್ನು ತಣಿಸಿ, ಬಟ್ಟೆಯಲ್ಲಿ ಸೋಸಿಡಿ. ಮರುದಿನ ಮನೆಯವರು ಮೆಣಸಿನಕಾಯಿ ಬಜ್ಜಿ ಕೇಳಿದರೆ ಅದಕ್ಕಾಗುತ್ತದೆ. ಆಗ ಉರಿ ಜೋರು ಮಾಡಿಕೊಳ್ಳಿ.